ಒಳಮನೆಗೂ ಒಂದು ತಂತಿ

ಫೈಬರ್ ತಂತಿ ಹೊತ್ತು ಬಂದ ಹುಡುಗ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಬಾಕ್ಸ್ ಎಲ್ಲಿ ಹಾಕ್ಲಿ ಸಾರ್?"

ಅದು 2020ರ ಮಳೆಗಾಲ. ಶಾಲೆ ಕಾಲೇಜುಗಳಿಗೆ ಬೀಗ ಬಿದ್ದು ಪಾಠವೆಲ್ಲ ಮೊಬೈಲಿನೊಳಗೆ ಬಂದು ಕುಳಿತಿದ್ದ ಕಾಲ. ಪ್ರಶ್ನೆ ಕೇಳಿದ್ದು ನಮ್ಮ ಭಾವನವರನ್ನು. ಅವರು ದಿವಾನಖಾನೆಯಲ್ಲಿ ಕೂತಲ್ಲಿಂದಲೇ ಟಿವಿಯ ಪಕ್ಕದ ಗೋಡೆಗೆ ಬೆರಳು ತೋರಿಸಿದರು. ಹುಡುಗ ಅಲ್ಲಿ ಎರಡು ಮೊಳೆ ಹೊಡೆದು ಬಿಳಿಯ ಪೆಟ್ಟಿಗೆಯನ್ನು ತೂಗುಹಾಕಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದ. ಚೀಟಿ ಭಾವನವರ ಜೇಬು ಸೇರಿತು. ಒಟ್ಟು ಕೆಲಸಕ್ಕೆ ಮುಕ್ಕಾಲು ಗಂಟೆ. ಅವರು ಬೆರಳು ತೋರಿಸಿದ್ದು ಒಂದು ಕ್ಷಣದ ಮಾತು. ಅದನ್ನು ತಿದ್ದುವುದಕ್ಕೆ ನಮ್ಮ ಮನೆಗೆ ಐದು ವರ್ಷ ಬೇಕಾಯಿತು.

ನಮ್ಮದು ತಿಪಟೂರಿನ ಹಳೇ ಮನೆ. ಮಾವನವರ ತಂದೆ ಕೊಬ್ಬರಿ ವ್ಯಾಪಾರ ಕೈಹಿಡಿದ ಕಾಲದಲ್ಲಿ ಕಟ್ಟಿಸಿದ್ದು. ಬೀದಿಗೆ ಜಗಲಿ, ಜಗಲಿ ದಾಟಿದರೆ ದಿವಾನಖಾನೆ, ಅದರ ಹಿಂದೆ ಎರಡಡಿ ದಪ್ಪದ ಮಣ್ಣಿನ ಗೋಡೆ. ಗೋಡೆಯಾಚೆ ನಡುಮನೆ. ನಡುಮನೆಯ ಮೇಲೆ ತೆಂಗಿನಕಾಯಿ ತುಂಬುವ ಅಟ್ಟ. ಅದನ್ನೂ ದಾಟಿದರೆ ಅತ್ತೆಯ ಕೋಣೆ, ನಮ್ಮ ಕೋಣೆಗಳು, ಕೊನೆಗೆ ಅಡುಗೆಮನೆ. ವ್ಯಾಪಾರಕ್ಕೆ ಬಂದ ಗಂಡಸರ ಮಾತು ಒಳಗೆ ಕೇಳಬಾರದು, ಒಳಗಿನ ಹೆಂಗಸರ ದನಿ ಹೊರಗೆ ಹೋಗಬಾರದು ಎಂದೇ ಆ ಗೋಡೆಯನ್ನು ಅಷ್ಟು ದಪ್ಪ ಮಾಡಿಸಿದ್ದು ಎಂದು ನಮ್ಮತ್ತೆ ಹೇಳುತ್ತಾರೆ. ಕಟ್ಟಿಸಿದವರಿಗೆ ವೈಫೈ ಗೊತ್ತಿರಲಿಲ್ಲ. ಆದರೂ ಮಣ್ಣಿನ ಗೋಡೆ ಹೊಸ ಕೆಲಸವನ್ನೂ ಹಳೆಯದರಷ್ಟೇ ನಿಷ್ಠೆಯಿಂದ ಮಾಡಿತು. ದಿವಾನಖಾನೆಯಲ್ಲಿ ಮೊಬೈಲಿನ ಕಡ್ಡಿಗಳೆಲ್ಲ ತುಂಬಿರುತ್ತಿದ್ದವು. ನಡುಮನೆಗೆ ಬಂದರೆ ಎರಡು. ಅತ್ತೆಯ ಕೋಣೆಯಲ್ಲಿ ಒಂದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಆ ವರ್ಷ ನನ್ನ ಮಗನೂ ಭಾವನವರ ಮಗಳೂ ಇಬ್ಬರೂ ಎರಡನೇ ಪಿಯು ವಿಜ್ಞಾನ. ಮಗ ದಿವಾನಖಾನೆಯ ಸೋಫಾದ ಮೇಲೆ ಕಾಲು ಚಾಚಿ ಪಾಠ ಕೇಳುತ್ತಿದ್ದ. ಅಲ್ಲಿಗೆ ದಿನವಿಡೀ ಕಾಯಿ ತಂದವರು, ಲೆಕ್ಕ ಕೇಳಲು ಬಂದವರು, ಗುಮಾಸ್ತರು ಬಂದು ಹೋಗುತ್ತಿರುತ್ತಾರೆ. ಅವರ ನಡುವೆ ಹದಿನೇಳರ ಹುಡುಗಿ ಹೇಗೆ ಕೂತಾಳು? ಅವಳು ಒಳಕೋಣೆಯಲ್ಲಿ ಕೂತಳು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವಾಗ ಅರ್ಧಕ್ಕೆ ನಿಂತುಬಿಡುತ್ತಿದ್ದರು, ಕೈ ಮೇಲೆತ್ತಿಕೊಂಡೇ. ಮತ್ತೆ ಅಲುಗಾಡುವಷ್ಟರಲ್ಲಿ ಲೆಕ್ಕ ಮುಗಿದಿರುತ್ತಿತ್ತು. "ಅಣ್ಣನ ನೋಟ್ಸ್ ನೋಡ್ಕೋ ಬೇಟಿ" ಎಂದು ನಾನೇ ಅವಳಿಗೆ ಹೇಳಿದ್ದೆ. ಹೇಳಿದವಳು ಬೇರೆ ಯಾರೋ ಎಂದು ಬರೆಯಬಹುದಿತ್ತು, ಕತೆಯಾಗಿದ್ದರೆ ಹಾಗೇ ಬರೆಯುತ್ತಿದ್ದೆ. 2021ರಲ್ಲಿ ಪಿಯು ಪರೀಕ್ಷೆಯೇ ರದ್ದಾಯಿತು. ಎಂಜಿನಿಯರಿಂಗಿಗೆ ಸಿಇಟಿಯೇ ಗತಿಯಾಯಿತು. ನನ್ನ ಮಗನಿಗೆ ಸೀಟು ಸಿಕ್ಕಿತು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವಳು ಇಲ್ಲೇ ಬಿ.ಕಾಂ. ಮಾಡಿದಳು. ಅವಳಿಗಿಂತ ಅವನು ಬುದ್ಧಿವಂತ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಇಬ್ಬರನ್ನೂ ಒಂದನೇ ಕ್ಲಾಸಿನಿಂದ ಕೂರಿಸಿಕೊಂಡು ಮಗ್ಗಿ ಹೇಳಿಸಿದವಳು ನಾನು. ನನಗೆ ಹಾಗನ್ನಿಸಿಲ್ಲ.

ಮೊದಲ ರಿಪೇರಿ ಭಾವನವರದೇ. 2022ರಲ್ಲಿ ಒಂದು ರಿಪೀಟರ್ ತಂದರು. ಅದನ್ನು ಎಲ್ಲಿಡುವುದು? "ಎತ್ತರದಲ್ಲಿಟ್ಟರೆ ಚೆನ್ನಾಗಿ ಹಿಡಿಯುತ್ತೆ" ಎಂದು ಅಟ್ಟದ ತೊಲೆಗೆ ಕಟ್ಟಿಸಿದರು. ಇದು ನಮ್ಮ ತಲೆಮಾರಿನವರ ರಕ್ತದಲ್ಲೇ ಇರುವ ನಂಬಿಕೆ, ದೂರದರ್ಶನ ಕಲಿಸಿದ್ದು. ಚಿಕ್ಕನಾಯಕನಹಳ್ಳಿಯಲ್ಲಿದ್ದ ನನ್ನ ತವರುಮನೆಯಲ್ಲಿ, 1990ರಲ್ಲಿ ಟೀಪೂ ಸುಲ್ತಾನನ ಧಾರಾವಾಹಿ ಬರುವ ಹೊತ್ತಿಗೆ ಅಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು. ಕೆಳಗೆ ನಾವು ಹದಿನೈದಿಪ್ಪತ್ತು ಮಕ್ಕಳು ಬಾಯಿಬಾಯಿ ದಾಟಿಸಿ "ಬಂತು... ಬಂತು... ಹೋಯ್ತು!" ಎಂದು ಕೂಗುವುದು. ಪಕ್ಕದ ತೋಟದ ತೆಂಗಿನ ಮರಗಳಿಗಿಂತ ಎತ್ತರಕ್ಕೆ ಹೋದಷ್ಟೂ ಚಿತ್ರ ಸ್ವಚ್ಛ. ದೂರದ ಗೋಪುರದಿಂದ ಬರುವ ಅಲೆಗೆ ಆ ಲೆಕ್ಕ ಸರಿ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಬೇಕಾದ ಅಲೆಗೆ ಎತ್ತರಕ್ಕಿಂತ ಮುಖ್ಯವಾದದ್ದು ದಾರಿಯಲ್ಲಿ ಏನಿದೆ ಎಂಬುದು.

ಆದರೂ ಅದು ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಗೋಡೆ ಅಟ್ಟದ ಮಟ್ಟಕ್ಕೆ ಮುಗಿಯುತ್ತದೆ, ಮೇಲೆ ಬರೀ ಹೆಂಚು. ಆ ಸಂದಿನಲ್ಲಿ ನುಸುಳಿ ಅಲೆ ಒಳಗೆ ಬರುತ್ತಿತ್ತು. ಆಗ ಕೊಬ್ಬರಿ ಮಾರಿ ಅಟ್ಟ ಖಾಲಿ ಬಿದ್ದಿತ್ತು ಎನ್ನುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಆಮೇಲೆ ತೋಟದಿಂದ ಹೊಸ ಕಾಯಿ ಬಂತು. ಆಳುಗಳು ಅಟ್ಟ ತುಂಬಿದರು. ಮರುದಿನದಿಂದ ಒಳಗೆ ಮತ್ತೆ ಅದೇ ಕತೆ.

ಓದುಗರಲ್ಲಿ ತಿಪಟೂರು, ತುರುವೇಕೆರೆ ಕಡೆಯವರಿದ್ದರೆ ಅವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಿಗೆ ಹರಡಿ ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದ ನೆರಳಲ್ಲಿ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಬಂದಾಗ ಆಯಿತು ಎಂದು ಲೆಕ್ಕ. ಹಾಗಾಗಿ ಹೊಸದಾಗಿ ತುಂಬಿದ ಅಟ್ಟ ಎಂದರೆ ತಲೆಯ ಮೇಲೆ ಒಂದು ಸಣ್ಣ ಕೆರೆ. ವೈಫೈ ಅಲೆಗೂ ನೀರಿಗೂ ಆಗಿಬರುವುದಿಲ್ಲ. ನೀರು ಅದನ್ನು ಹೀರಿಕೊಳ್ಳುತ್ತದೆ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ವಿಮಾನದೊಳಗೆ ಜನ ತುಂಬಿದಾಗ ವೈಫೈ ಹೇಗೆ ಹರಡುತ್ತದೆ ಎಂದು ನೋಡಲು ಬೋಯಿಂಗ್ ಕಂಪನಿಯವರು ಸೀಟುಗಳಲ್ಲಿ ಆಲೂಗಡ್ಡೆ ಮೂಟೆಗಳನ್ನು ಕೂರಿಸಿ ಪರೀಕ್ಷೆ ಮಾಡಿದ್ದು 2012ರಲ್ಲಿ ಸುದ್ದಿಯಾಗಿತ್ತು. ಸುಮಾರು 9,000 ಕಿಲೋ ಆಲೂಗಡ್ಡೆ. ನೀರು ತುಂಬಿದ ಗೆಡ್ಡೆಯೂ ನೀರು ತುಂಬಿದ ಮನುಷ್ಯನೂ ಅಲೆಯ ಪಾಲಿಗೆ ಹೆಚ್ಚುಕಡಿಮೆ ಒಂದೇ. ಅವರು ತಿಪಟೂರಿಗೆ ಬಂದಿದ್ದರೆ ಕಾಯಿ ಕೊಡುತ್ತಿದ್ದೆವು.

ಅಲ್ಲಿಗೆ ರಿಪೀಟರಿನ ಸಂಗತಿ ಮುಗಿಯಿತು. ಮೊದಲೇ ಅದರದ್ದೊಂದು ಕೊರತೆ ಇತ್ತು. ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಗೋಡೆಯ ಆಚೆ ಈಚೆ ಓಡಿಸುತ್ತೇವಲ್ಲ, "ಎಷ್ಟು ಚಹಾ ಕೇಳ್ಕೊಂಡು ಬಾ" ಎಂದು, ಅದೇ ಅದರ ಕೆಲಸ. ಮಗು ಅಲ್ಲಿ ಕೇಳಿಸಿಕೊಳ್ಳುವಾಗ ಇಲ್ಲಿ ಹೇಳಲಾರದು, ಇಲ್ಲಿ ಹೇಳುವಾಗ ಅಲ್ಲಿ ಕೇಳಲಾರದು. ಒಂದೇ ರೇಡಿಯೋ ಇರುವ ರಿಪೀಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುವುದು ಹೀಗೆ. ಆಮೇಲೆ ಅದನ್ನು ಅಟ್ಟದಿಂದ ಇಳಿಸಿ ಅತ್ತೆಯ ಕೋಣೆಯಲ್ಲೇ ಇಟ್ಟು ನೋಡಿದರು. ತನಗೇ ಸರಿಯಾಗಿ ಕೇಳಿಸದ ಜಾಗದಲ್ಲಿ ಕೂತ ಮಗು ಇನ್ನೊಬ್ಬರಿಗೆ ಏನು ಹೇಳೀತು?

ಎರಡು ವರ್ಷ ಯಾರೂ ಆ ಮಾತೆತ್ತಲಿಲ್ಲ. ಒಳಗಿನವರು ಮೊಬೈಲ್ ಡೇಟಾದಲ್ಲಿ ಹೇಗೋ ತೂಗಿಸಿಕೊಂಡೆವು.

2025ರ ಬೇಸಿಗೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಗೆ ಬಂದರು, ಆದರೆ ದಿವಾನಖಾನೆಯವರೆಗೆ ನಡೆಯುವುದು ನಿಂತುಹೋಯಿತು. ದಮ್ಮಾಮಿನಲ್ಲಿರುವ ನಾದಿನಿ ಒಂದು ದೊಡ್ಡ ಟ್ಯಾಬ್ ಕಳಿಸಿದಳು, "ಅಮ್ಮಿ ನನ್ನ ಮುಖ ನೋಡ್ಲಿ, ಪಿಕ್ಚರ್ ನೋಡ್ಲಿ" ಎಂದು. ನಮ್ಮತ್ತೆಗೆ ಮನೆಮಾತು ಉರ್ದು, ಓದಿದ್ದು ಕುರ್‌ಆನ್ ಮತ್ತು ಎರಡನೇ ಕ್ಲಾಸು, ಪ್ರಾಣ ಮಾತ್ರ ರಾಜ್‌ಕುಮಾರ್ ಪಿಕ್ಚರು. 1972ರಲ್ಲಿ ಮದುವೆಯಾಗಿ ಬಂದ ಹೊಸತರಲ್ಲಿ ಅವರ ಅತ್ತೆಗೆ ಗೊತ್ತಾಗದ ಹಾಗೆ ಬುರ್ಖಾದೊಳಗೆ ಹುರಿಗಡಲೆ ಕಟ್ಟಿಕೊಂಡು ಹೋಗಿ 'ಬಂಗಾರದ ಮನುಷ್ಯ' ನೋಡಿಬಂದ ಕತೆಯನ್ನು ನನಗೆ ನೂರು ಸಲ ಹೇಳಿದ್ದಾರೆ. ಟ್ಯಾಬಿನಲ್ಲಿ ಅದನ್ನು ಹಾಕಿಕೊಟ್ಟೆ. ಹೆಸರು ಬರುವಷ್ಟರಲ್ಲಿ ನಿಂತಿತು. ಪರದೆಯ ನಡುವೆ ಬಿಳಿಯ ವೃತ್ತ ತಿರುಗತೊಡಗಿತು.

"ಫಿರ್ತಾಚ್ ಹೈ ಬೇಟಿ," ಎಂದರು ಅತ್ತೆ. "ಗಾಣದ ಎತ್ತು ಇದ್ದಂಗೆ. ಎಣ್ಣೆ ಮಾತ್ರ ಬರಾಕಿಲ್ಲ."

ಅದೇ ತಿಂಗಳು ನನ್ನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ವಿಜ್ಞಾನಕ್ಕೆ ಸೇರಿದಳು. ಸಂಜೆಯ ಕೋಚಿಂಗ್ ಪಾಠಗಳೆಲ್ಲ ವಿಡಿಯೋದಲ್ಲಿ. ಅವಳು ಪುಸ್ತಕ ಹರಡಿಕೊಂಡು ಕೂತ ಜಾಗ ನೋಡಿ ನನ್ನ ಎದೆ ಧಸಕ್ಕೆಂದಿತು. ಅದೇ ಕೋಣೆ, ಅದೇ ಮೂಲೆ.

ಆವತ್ತು ರಾತ್ರಿ ಮಗಳ ಗ್ರಾಫ್ ಹಾಳೆಯ ಹಿಂಬದಿಯಲ್ಲಿ ಮನೆಯ ನಕ್ಷೆ ಬರೆದೆ. ನಾನು ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು. ಬರೆಯುವುದು ಕನ್ನಡದಲ್ಲಾದರೂ ಗೆರೆ ಎಳೆಯಲು ಕೂತರೆ ಕೈ ಈಗಲೂ ಬಲಗಡೆಯಿಂದ ಹೊರಡುತ್ತದೆ. ಹಾಗಾಗಿ ನಕ್ಷೆ ಬಲಕ್ಕೆ ಅಡುಗೆಮನೆಯಿಂದ ಶುರುವಾಗಿ ಎಡಕ್ಕೆ ಹೋಗಿ ಜಗಲಿಯಲ್ಲಿ ಮುಗಿಯಿತು. ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದೆ. ಮಗ ಫೋನ್ ಮಾಡಿ ನಗಾಡಿದ: "ಅಮ್ಮೀ, ಮನೆ ಉಲ್ಟಾ ಆಗಿದೆ." ಆಮೇಲೆ ಅವನೇ ಹೇಳಿಕೊಟ್ಟ, ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಯಾವ ಜಾಗದಲ್ಲಿ ಸಿಗ್ನಲ್ ಎಷ್ಟಿದೆ ಎಂದು ಅಂಕಿಯಲ್ಲೇ ತೋರಿಸುತ್ತದೆ ಎಂದು. ಡಿಬಿಎಂ ಎನ್ನುತ್ತಾರೆ. ಎಲ್ಲವೂ ಮೈನಸ್ಸಿನಲ್ಲಿ ಇರುತ್ತವೆ, ಸಾಲದ ಹಾಗೆ ಕಡಿಮೆ ಇದ್ದಷ್ಟೂ ಒಳ್ಳೆಯದು. ವಿಡಿಯೋ ತಡೆಯಿಲ್ಲದೆ ಓಡಬೇಕಾದರೆ ಮೈನಸ್ 67ರ ಆಸುಪಾಸಿನಲ್ಲಿ ಇರಬೇಕು. ಮೂರು ಅಂಕಿ ಕೆಳಗಿಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು.

ಅಳೆಯಲು ನನ್ನ ಜೊತೆ ಬಂದವಳು ಭಾವನವರ ಮಗಳು. ಅವಳು ಮೊಬೈಲ್ ಹಿಡಿದು ಕೋಣೆ ಕೋಣೆಗೆ ಹೋಗಿ ಅಂಕಿ ಕೂಗುತ್ತಿದ್ದಳು, ನಾನು ನಕ್ಷೆಯಲ್ಲಿ ಬರೆದುಕೊಳ್ಳುತ್ತಿದ್ದೆ. ದಿವಾನಖಾನೆ ಮೈನಸ್ 42. ನಡುಮನೆಯ ಬಾಗಿಲು ಮೈನಸ್ 63. ಅಡುಗೆಮನೆ 78. ಅತ್ತೆಯ ಕೋಣೆ 80. ಆಮೇಲೆ ಮಗಳು ಓದುವ ಮೂಲೆ. ಅಲ್ಲಿ ಅವಳು ಒಂದು ಗಳಿಗೆ ಸುಮ್ಮನೆ ನಿಂತಳು.

"ಮೈನಸ್ ಎಂಬತ್ತನಾಲ್ಕು ಚಾಚಿ. ಇಲ್ಲೇ ಕೂತು ನಾನು ಫಿಸಿಕ್ಸ್ ಕೇಳಿದ್ದು."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅಂಕಿ ಹೇಳಿದ ಹಾಗೇ ಹೇಳಿದಳು. ನಾನು ಬರೆದುಕೊಂಡೆ.

ಇನ್ನು ಎಷ್ಟು ಬೇಕು ಎಂಬ ಲೆಕ್ಕ. ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಯಲ್ಲಿ ಒಟ್ಟಿಗೆ ಐದು ಕಡೆ ವಿಡಿಯೋ ಓಡುತ್ತದೆ. ದಿವಾನಖಾನೆಯಲ್ಲಿ ಕ್ರಿಕೆಟ್ಟೋ ಚರ್ಚೆಯೋ, ಅತ್ತೆಯ ರಾಜ್‌ಕುಮಾರ್, ಮಗಳ ಪಾಠ, ಓರಗಿತ್ತಿಯ ಧಾರಾವಾಹಿ, ಜೊತೆಗೆ ಯಾರಾದರೊಬ್ಬರ ವಿಡಿಯೋ ಕಾಲ್. ಚೊಕ್ಕ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು, 4ಕೆ ಎನ್ನುವ ದೊಡ್ಡ ಟಿವಿಗಳಿಗೆ 15ರವರೆಗೆ ಬೇಕು. ಐದೂ ಕಡೆ ಎಚ್‌ಡಿ ಎಂದರೂ 25. ನಾವು ದುಡ್ಡು ಕೊಡುತ್ತಿದ್ದದ್ದು 100ಕ್ಕೆ. ಅಂದರೆ ಮನೆ ಬಾಗಿಲಿಗೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಬರುತ್ತಿದೆ, ಒಳಗೆ ಮಾತ್ರ ಬಡತನ.

ಭಾವನವರ ತೀರ್ಮಾನ ಬೇರೆ ಇತ್ತು. "ಪ್ಲಾನು 200ಕ್ಕೆ ಏರಿಸೋಣ" ಎಂದರು. ಅವರೆದುರು ನಿಂತು ವಾದ ಮಾಡುವ ರೂಢಿ ನನಗಿಲ್ಲ. ರಾತ್ರಿ ನಮ್ಮ ಯಜಮಾನರಿಗೆ ನಕ್ಷೆ ತೋರಿಸಿದೆ. ಅವರಿಗೆ ಡಿಬಿಎಂ ತಲೆಗೆ ಹತ್ತಲಿಲ್ಲ. ಆಗ ಕೇಳಿದೆ: "ತೋಟದಲ್ಲಿ ಕೊನೇ ಸಾಲಿನ ಮರಕ್ಕೆ ನೀರು ಹತ್ತದೇ ಇದ್ದಾಗ ಏನು ಮಾಡಿದ್ರಿ? ಮೋಟರಿನ ಎಚ್‌ಪಿ ಏರಿಸಿದ್ರಾ?" ಅವರು ಒಮ್ಮೆ ನನ್ನ ಮುಖ ನೋಡಿದರು. "ಇಲ್ಲ. ಪೈಪು ಎಳೆಸಿದೆ." ಅಷ್ಟು ಸಾಕಾಯಿತು. ತೆಂಗು ಬೆಳೆಯುವವನಿಗೆ ಕೊನೇ ಮರದ ಕಷ್ಟ ಗೊತ್ತಿರುತ್ತದೆ.

ನಿಜವಾದ ಅಡ್ಡಿ ಆಮೇಲೆ ಬಂತು. "ಒಳಗೆಲ್ಲ ಕೋಣೆಕೋಣೆಗೂ ನೆಟ್ ಹರಿಸಿದರೆ ಹೆಣ್ಣುಮಕ್ಕಳ ಗತಿ ಏನು? ಏನೇನು ನೋಡ್ತಾರೋ ಯಾರಿಗೆ ಗೊತ್ತು?" ಎಂದು ಭಾವನವರು ಊಟದ ಹೊತ್ತಿನಲ್ಲಿ ಹೇಳಿದ್ದು ಅಡುಗೆಮನೆಗೂ ಕೇಳಿಸಿತು. ದಿವಾನಖಾನೆಯಲ್ಲಿ ಮೈನಸ್ 42ರಲ್ಲಿ ಕೂತು ಗಂಡುಹುಡುಗರು ಏನೇನು ನೋಡಿದರು ಎಂದು ಐದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಉತ್ತರ ಅತ್ತೆಯ ಕೋಣೆಯಿಂದ ಬಂತು, ಮಲಗಿದ್ದಲ್ಲಿಂದಲೇ: "ನಾನೂ ಹೆಣ್ಣೇ ಅಲ್ವಾ ಬೇಟಾ? ನಾನು ಏನು ನೋಡ್ತೀನಿ ಅಂತ ಬಂದು ಕೂತು ನೋಡು." ಭಾವನವರು ಕೈ ತೊಳೆದು ಎದ್ದರು. ಬೇಡ ಎನ್ನಲಿಲ್ಲ.

ಭಾವನವರ ಭಯ ಪೂರ್ತಿ ಸುಳ್ಳು ಎಂದು ನಾನೂ ಹೇಳಲಾರೆ. ನನ್ನ ಭಯ ಮಾತ್ರ ಬೇರೆ ಥರದ್ದು. ಒಂದೇ ಟಿವಿ ಇದ್ದಾಗ ಒಂದೇ ಚಿತ್ರಕ್ಕೆ ಎಲ್ಲರೂ ಅತ್ತೆವು, ಜಗಳವಾಡಿದೆವು. ಅಲ್ಲಿ ಕೇಳಿಸಿಕೊಂಡ ಮಾತುಗಳಿಂದಲೇ ನನ್ನ ಅರ್ಧ ಕತೆಗಳು ಹುಟ್ಟಿವೆ. ಪ್ರತಿ ಕೋಣೆಯೂ ತನ್ನದೇ ಚಿತ್ರ ನೋಡುವ ಮನೆಯಲ್ಲಿ ಯಾರು ಯಾರ ಮಾತು ಕೇಳಿಸಿಕೊಂಡಾರು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಒಗ್ಗಟ್ಟಿನಲ್ಲಿ ಯಾರು ಸೋಫಾದ ಮೇಲಿದ್ದರು, ಯಾರು ಗೋಡೆಯ ಹಿಂದಿದ್ದರು ಎಂಬುದನ್ನೂ ಮರೆಯಲಾಗುವುದಿಲ್ಲ.

ಗೋಡೆಯ ಹಿಂದೆ ಎಂದದ್ದು ಮಾತಿಗಲ್ಲ. ದಿವಾನಖಾನೆ ಮತ್ತು ನಡುಮನೆಯ ನಡುವಿನ ಆ ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಮರದ ಜಾಲಂಧ್ರವಿದೆ. ಈ ಮನೆಗೆ ಟಿವಿ ಬಂದಾಗ ಮನೆ ತುಂಬ ಬೀದಿಯ ಗಂಡಸರು. ಹೆಂಗಸರು ನಡುಮನೆಯಲ್ಲಿ ನಿಂತು ಆ ತೂತುಗಳಲ್ಲಿ ಕಣ್ಣಿಟ್ಟು ನೋಡುತ್ತಿದ್ದರಂತೆ. "ಟೀಪೂನ ತಲೆ ಒಂದು ತೂತಲ್ಲಿ, ಕತ್ತಿ ಒಂದು ತೂತಲ್ಲಿ" ಎಂದು ಅತ್ತೆ ನಗುತ್ತಾರೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದಕ್ಕೆ ಅಡ್ಡವಾಗಿ ನನ್ನ ತವರಿನ ಕಬ್ಬಿಣದ ಬೀರು ನಿಲ್ಲಿಸಿದರು. ಕಬ್ಬಿಣಕ್ಕೆ ಬಡಿದ ಅಲೆ ಮುಂದೆ ಹೋಗುವುದಿಲ್ಲ, ಹಿಂದಕ್ಕೆ ತಿರುಗುತ್ತದೆ. ಐದು ವರ್ಷ ನನ್ನ ಮದುವೆಯ ಬೀರುವೇ ಗೋಡೆಯ ಜೊತೆ ಸೇರಿಕೊಂಡಿತ್ತು ಎಂಬುದು ನನಗೆ ಆಗಲೇ ಹೊಳೆದದ್ದು.

ಬೀರು ಸರಿಸಿದೆವು. ಪೇಟೆಯಿಂದ 30 ಮೀಟರ್ ಕ್ಯಾಟ್-6 ತಂತಿ ತಂದೆವು. ಈ ತಂತಿಯಲ್ಲಿ 100 ಮೀಟರಿನವರೆಗೂ ವೇಗ ಕುಗ್ಗುವುದಿಲ್ಲ, ಅದಕ್ಕೆ ಗೋಡೆಯ ಹಂಗೂ ಇಲ್ಲ, ಕಾಯಿಯ ಹಂಗೂ ಇಲ್ಲ. ದಿವಾನಖಾನೆಯ ಪೆಟ್ಟಿಗೆಯಿಂದ ಹೊರಟ ತಂತಿಯನ್ನು ಜಾಲಂಧ್ರದ ಒಂದು ತೂತಿನಲ್ಲಿ ಒಳಗೆ ತೂರಿಸಿ, ತೊಲೆಯ ಬದಿಯಲ್ಲೇ ಮೊಳೆ ಹೊಡೆಯುತ್ತ ಅತ್ತೆಯ ಕೋಣೆಯ ಹೊಸ್ತಿಲ ಮೇಲಕ್ಕೆ ತಂದೆವು. ಅಲ್ಲಿ ಮಗನ ಹಳೆಯ ರೂಟರ್ ಕೂರಿಸಿದೆವು. ಅಲ್ಲಿಂದ ಅತ್ತೆಯ ಕೋಣೆ, ಮಗಳ ಮೂಲೆ, ಅಡುಗೆಮನೆ ಮೂರಕ್ಕೂ ಸಮದೂರ.

ಮಗ ಫೋನಿನಲ್ಲಿ ಹೇಳುತ್ತ ಹೋದ, ಭಾವನವರ ಮಗಳು ಮಾಡುತ್ತ ಹೋದಳು. ಎರಡನೇ ಪೆಟ್ಟಿಗೆ ನಂಬರ್ ಹಂಚುವ ಕೆಲಸ ಮಾಡಬಾರದು, ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ, ಅದನ್ನು ಆಫ್ ಮಾಡಬೇಕು ಎಂದ. ನನಗೆ ಅರ್ಥವಾಗದೆ ಮುಖ ನೋಡಿದಾಗ ಹುಡುಗಿಯೇ ಬಿಡಿಸಿ ಹೇಳಿದಳು: "ಎಪಿಎಂಸಿಯಲ್ಲಿ ಇಬ್ಬರು ಬೇರೆ ಬೇರೆ ಕೂತು ಲಾಟ್ ನಂಬರ್ ಕೊಟ್ಟರೆ ಒಂದೇ ನಂಬರಿನ ಎರಡು ಲಾಟ್ ಆಗಲ್ವಾ ಚಾಚಿ, ಹಾಗೆ." ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. 2.4 ಗಿಗಾಹರ್ಟ್ಸಿನಲ್ಲಿ ಒಂದರ ದಾರಿ ಇನ್ನೊಂದಕ್ಕೆ ಅಡ್ಡ ಬರದ ಚಾನೆಲ್ಲುಗಳು ಮೂರೇ ಅಂತೆ: 1, 6, 11. ಹೊರಗಿನದಕ್ಕೆ 1, ಒಳಗಿನದಕ್ಕೆ 11. ಈ ಅಲೆ ಅರ್ಧ ಗೇಣು ಉದ್ದ, ಗೋಡೆಯಲ್ಲಿ ತಕ್ಕಮಟ್ಟಿಗೆ ನುಸುಳುತ್ತದೆ. 5 ಗಿಗಾಹರ್ಟ್ಸಿನದು ಹೆಬ್ಬೆರಳಿನಷ್ಟು ಉದ್ದ, ವೇಗ ಹೆಚ್ಚು, ಆದರೆ ಗೋಡೆ ಎಂದರೆ ಹೆದರುತ್ತದೆ. ಅತ್ತೆಯ ಟ್ಯಾಬನ್ನೂ ಮಗಳ ಫೋನನ್ನೂ 5ಕ್ಕೆ ಹಾಕಿದೆವು, ಹೇಗಿದ್ದರೂ ಪೆಟ್ಟಿಗೆ ತಲೆಯ ಮೇಲೇ ಇದೆಯಲ್ಲ. ಅಂದಹಾಗೆ, ಅಬ್ಬನ ರೇಡಿಯೋಗೂ ಒಂದು ಲೈಸೆನ್ಸ್ ಪುಸ್ತಕವಿತ್ತು, ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಮುದ್ರೆ ಹಾಕಿಸುತ್ತಿದ್ದರು. ವೈಫೈನ 2.4ರ ಅಲೆಯನ್ನು ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಬಳಸಬಹುದು ಎಂದು ಕೇಂದ್ರ ಸರಕಾರ 2005ರಲ್ಲೇ ಬಿಟ್ಟುಕೊಟ್ಟಿದೆ. ಮನೆಯೊಳಗಿನ ಲೈಸೆನ್ಸಿನ ಮಾತು ಬೇರೆ. ಹೊಸ ಪಾಸ್‌ವರ್ಡನ್ನು ಈ ಸಲ ಅಡುಗೆಮನೆಯ ಬಾಗಿಲ ಹಿಂದೆ ಬರೆದು ಅಂಟಿಸಿದೆವು.

ಮಗಳ ಮೂಲೆಯಲ್ಲಿ ಮತ್ತೆ ಅಳೆದೆವು. ಮೈನಸ್ 51. ಭಾವನವರ ಮಗಳು ಅಂಕಿಯನ್ನು ಎರಡು ಸಲ ನೋಡಿದಳು. ಹಳೆಯದರ ಪಕ್ಕ ಇದನ್ನು ತಾನೇ ಬರೆದು ಹಾಳೆ ಮಡಚಿ ಇಟ್ಟುಕೊಂಡಳು. ಕೇಳಲು ಹೋಗಲಿಲ್ಲ.

ಆ ಶನಿವಾರ ಅತ್ತೆಗೆ 'ಬಂಗಾರದ ಮನುಷ್ಯ' ಮೊದಲಿಂದ ಹಾಕಿಕೊಟ್ಟೆ. ಓರಗಿತ್ತಿಯೂ ಬಂದು ಮಂಚದ ಕಾಲಿಗೆ ಒರಗಿ ಕೂತಳು. ಮಗಳು ಪಾಠ ಬಿಟ್ಟು ಬಂದಳು. ಒಂದು ಗಂಟೆ ವೃತ್ತ ಒಂದು ಸಲವೂ ತಿರುಗಲಿಲ್ಲ. ಭಾವನವರು ಬಾಗಿಲ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತು, ಬರೀ ಹಳೇ ಪಿಕ್ಚರ್ ಎಂದು ಖಾತ್ರಿಯಾದ ಮೇಲೂ ನಿಂತೇ ಇದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಯುಪಿಎಸ್ ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ದಿವಾನಖಾನೆಯಲ್ಲಿ ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಟಿವಿಯ ಪಕ್ಕದ ಪೆಟ್ಟಿಗೆಯ ಹಸಿರು ಚುಕ್ಕೆಗಳೂ ಮಿಣುಕುತ್ತಿದ್ದವು. ಅತ್ತೆಯ ಬಾಗಿಲ ಮೇಲಿನ ಪೆಟ್ಟಿಗೆ ಮಾತ್ರ ಕಪ್ಪಾಗಿ ಕೂತಿತ್ತು. ಟಾರ್ಚ್ ಹಿಡಿದು ಮೀಟರ್ ಬೋರ್ಡ್ ತೆಗೆದು ನೋಡಿದೆವು. ಹತ್ತು ವರ್ಷದ ಹಿಂದೆ ಯುಪಿಎಸ್ ಹಾಕಿಸಿದಾಗ ಅದರ ಲೈನನ್ನು ದಿವಾನಖಾನೆಗೂ ಜಗಲಿಯ ದೀಪಕ್ಕೂ ಮಾತ್ರ ಎಳೆಸಿದ್ದರು. ಒಳಗಡೆಗೆ ಅಡುಗೆಮನೆಯ ಒಂದು ಬಲ್ಬು.

"ರಾಜ್‌ಕುಮಾರ್ ಎಲ್ಲಿಗೆ ಹೋದ?" ಎಂದು ಅತ್ತೆ ಕತ್ತಲಲ್ಲಿ ಕೇಳುತ್ತಿದ್ದರು.

ಎಲೆಕ್ಟ್ರಿಷಿಯನ್ ಮಂಗಳವಾರ ಬರುತ್ತೇನೆ ಎಂದಿದ್ದಾನೆ. ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂದು ಅವನು ಈ ಸಲ ಯಾರನ್ನು ಕೇಳಬೇಕು ಎಂಬುದನ್ನು ಫೋನಿನಲ್ಲೇ ಹೇಳಿಟ್ಟಿದ್ದೇನೆ.